ತಡವಾಗಿ ಬಿಗಿದ ನಟ್ಟು

ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿದ್ದ ವೀರಭದ್ರ ಮುದ್ರಣಾಲಯದ ದೊಡ್ಡ ಮೆಷಿನ್ನು ಮೂರು ವರ್ಷದಲ್ಲಿ ಒಂದು ದಿನವೂ ಕೆಟ್ಟು ನಿಂತಿರಲಿಲ್ಲ. ಅದು ಯುದ್ಧದ ಕಾಲ; ವಿಲಾಯಿತಿಯಿಂದ ಒಂದು ಸ್ಕ್ರೂ ತರಿಸುವುದೂ ಕನಸಿನ ಮಾತಾಗಿತ್ತು. ಊರಿನ ಉಳಿದ ಪ್ರೆಸ್ಸಿನವರು ವಾರದಲ್ಲಿ ಎರಡು ದಿನ ಮೆಷಿನ್ನಿನ ಹೊಟ್ಟೆ ಬಗೆದಿಟ್ಟುಕೊಂಡು ತಲೆಯ ಮೇಲೆ ಕೈ ಹೊತ್ತು ಕೂತಿದ್ದರೆ, ಇಲ್ಲಿ ಮಾತ್ರ ರೇಷನ್ ಕಾರ್ಡೇನು, ಶಾಲೆಯ ಪುಸ್ತಕವೇನು, ಲಗ್ನಪತ್ರಿಕೆಯೇನು, ಒಂದರ ಹಿಂದೊಂದು ಹೊರಬೀಳುತ್ತಲೇ ಇದ್ದವು. ಯಜಮಾನ ಷಣ್ಮುಖಪ್ಪನವರು ಬಂದವರ ಮುಂದೆಲ್ಲ ತಮ್ಮ ಮೆಷಿನ್‌ಮನ್ ನಾಗಯ್ಯನನ್ನು ಹೊಗಳುತ್ತಿದ್ದರು. ಹೊಗಳಿಕೆ ಶುರುವಾಯಿತೆಂದರೆ ನಾಗಯ್ಯ ಎಣ್ಣೆಬಟ್ಟೆ ಹಿಡಿದು ಹಿತ್ತಲಿಗೆ ಹೊರಟುಬಿಡುತ್ತಿದ್ದ. ಪಾಪ, ನಾಚಿಕೆಯ ಮನುಷ್ಯ ಎಂದುಕೊಂಡರು ಜನ.

ನಾಚಿಕೆಯೂ ಅಲ್ಲ, ಮಣ್ಣೂ ಅಲ್ಲ. ಅವನ ಎದೆಯಲ್ಲಿ ಏನಿತ್ತೆಂಬುದು ಅವನಿಗೆ ಮಾತ್ರ ಗೊತ್ತಿತ್ತು.

ಆ ಮೆಷಿನ್ನಿಗೆ ಎಣ್ಣೆ ಬಿಡುವ ತೂತುಗಳು ನಲವತ್ತೊಂದು. ನಾಗಯ್ಯ ಪ್ರತಿಯೊಂದರ ಪಕ್ಕದಲ್ಲೂ ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದ. ಬೆಳಿಗ್ಗೆ ಒಂದು ಸುತ್ತು, ಊಟದ ಹೊತ್ತಿಗೆ ಇನ್ನೊಂದು ಸುತ್ತು, ಒಂದು ತೂತನ್ನೂ ಬಿಡದೆ ಎಣ್ಣೆ ಕುಡಿಸುತ್ತಿದ್ದ. ಮೆಷಿನ್ ಎಣ್ಣೆ ಸಿಗದೆ ಎಲ್ಲರೂ ಹರಳೆಣ್ಣೆ ಬಿಡುತ್ತಿದ್ದ ದಿನಗಳವು. ಹರಳೆಣ್ಣೆ ನಾಲ್ಕು ದಿನಕ್ಕೆ ಅಂಟಾಗಿ, ಎಂಟು ದಿನಕ್ಕೆ ಗಟ್ಟಿಯಾಗಿ ತೂತನ್ನೇ ಮುಚ್ಚುತ್ತದೆ. ಆಮೇಲೆ ಮೇಲೆ ಎಷ್ಟು ಸುರಿದರೂ ಒಳಗಿನ ಕಬ್ಬಿಣ ಒಣಗಿಯೇ ಸವೆಯುತ್ತದೆ. ಅದಕ್ಕೇ ನಾಗಯ್ಯ ಪ್ರತಿ ಶನಿವಾರ ಮಧ್ಯಾಹ್ನ ಮೆಷಿನ್ನು ನಿಲ್ಲಿಸಿ ಎಲ್ಲ ತೂತುಗಳನ್ನೂ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಸೀಮೆಎಣ್ಣೆಯೂ ರೇಷನ್ನು. ಮನೆಯ ಬುಡ್ಡಿಗೆ ಇಲ್ಲದ ಎಣ್ಣೆ ಪ್ರೆಸ್ಸಿಗೆ ಹೋಗುತ್ತದೆಂದು ಹೆಂಡತಿ ಶಾಂತಮ್ಮ ಗೊಣಗದ ವಾರವಿಲ್ಲ.

ಇಷ್ಟೇ ಅಲ್ಲ. ಬಿಗಿದ ಪ್ರತಿಯೊಂದು ನಟ್ಟಿನ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಒಂದು ಬಿಳಿ ಗೆರೆ ಎಳೆದಿಟ್ಟಿದ್ದ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತಿತ್ತು. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟದ್ದಲ್ಲ, ಭಯ ಹೇಳಿಕೊಟ್ಟದ್ದು. ಅದರಲ್ಲೂ ಒಂದು ನಟ್ಟಿನ ಗೆರೆಯನ್ನು ಅವನು ದಿನಕ್ಕೆ ಇಪ್ಪತ್ತು ಸಲ ನೋಡುತ್ತಿದ್ದ. ಹೋಗುವಾಗ ನೋಡುತ್ತಿದ್ದ, ಬರುವಾಗ ನೋಡುತ್ತಿದ್ದ, ಬಾಗಿಲವರೆಗೆ ಹೋದವನು ತಿರುಗಿ ಬಂದು ಮತ್ತೆ ನೋಡುತ್ತಿದ್ದ.

ಇಷ್ಟೆಲ್ಲ ಮಾಡಿದರೂ ಒಂದು ಸದ್ದು ಮಾತ್ರ ಹೋಗಿರಲಿಲ್ಲ. ಸಿಲಿಂಡರು ಒಂದು ಸುತ್ತು ತಿರುಗಿ ಕಾಗದದ ಮೇಲೆ ಅಚ್ಚು ಬೀಳುವ ಹೊತ್ತಿಗೆ ಒಳಗಿಂದ 'ಟಕ್' ಎನ್ನುತ್ತಿತ್ತು. ಹಾಳೆಗೊಂದು ಟಕ್. ಬಾಗಿಲು ತಟ್ಟಿದ ಹಾಗೆ. ಅಚ್ಚಿನ ಮೊಳೆ ಜೋಡಿಸುವವರೆಲ್ಲ ಅದಕ್ಕೆ ಒಂದೇ ಹೆಸರು ಇಟ್ಟಿದ್ದರು: ಚೌಡಪ್ಪ. "ಚೌಡಣ್ಣ ಇವತ್ತು ಜೋರಾಗಿದಾನೆ ಮಾರಾಯ" ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೆ ಒಬ್ಬನೇ ಒಬ್ಬನೂ ಆ ಮೆಷಿನ್ನಿನ ಹತ್ತಿರ ಒಂಟಿಯಾಗಿ ನಿಲ್ಲುತ್ತಿರಲಿಲ್ಲ.

ಚೌಡಪ್ಪ ಆ ಪ್ರೆಸ್ಸಿನ ಹಿಂದಿನ ಮೆಷಿನ್‌ಮನ್. ನಾಗಯ್ಯನಿಗೆ ಕೆಲಸ ಕಲಿಸಿದವನು. ಮೂರು ವರ್ಷದ ಕೆಳಗೆ, ನವರಾತ್ರಿ ಮುಗಿದು ಕೆಲಸ ಶುರುವಾದ ದಿನ, ಇದೇ ಮೆಷಿನ್ನು ಅವನನ್ನು ತಿಂದಿತ್ತು.

ನಡೆದದ್ದು ಹೀಗೆ. ಹಿತ್ತಲ ಷೆಡ್ಡಿನಲ್ಲಿ ಎಣ್ಣೆಯ ಎಂಜಿನ್ನು ಓಡುತ್ತದೆ. ಅಲ್ಲಿಂದ ಬರುವ ತೊಗಲಿನ ಬೆಲ್ಟಿಗೆ ಮೆಷಿನ್ನಿನ ಪಕ್ಕದಲ್ಲಿ ಎರಡು ಚಕ್ರಗಳಿವೆ. ಬೆಲ್ಟು ಒಂದು ಚಕ್ರದ ಮೇಲಿದ್ದರೆ ಮೆಷಿನ್ನು ಓಡುತ್ತದೆ. ಪಕ್ಕದ ಖಾಲಿ ಚಕ್ರಕ್ಕೆ ಸರಿಸಿದರೆ ಚಕ್ರವಷ್ಟೇ ಸುಮ್ಮನೆ ತಿರುಗುತ್ತದೆ, ಮೆಷಿನ್ನು ನಿಲ್ಲುತ್ತದೆ. ಸರಿಸುವುದಕ್ಕೆ ಒಂದು ಮೊಳದುದ್ದದ ಲಿವರು. ಆ ಲಿವರು ಇಟ್ಟಲ್ಲಿ ನಿಲ್ಲಬೇಕಾದರೆ ಅದರ ಬುಡದ ನಟ್ಟು ಬಿಗಿಯಾಗಿರಬೇಕು. ಆಯುಧಪೂಜೆಯ ಹಿಂದಿನ ಸಂಜೆ ಮೆಷಿನ್ನು ಒರೆಸುತ್ತಿದ್ದ ನಾಗಯ್ಯನ ಕೈಗೆ ಆ ನಟ್ಟು ಸಡಿಲವಾಗಿ ಸಿಕ್ಕಿತು. ಲಿವರು ಅಲ್ಲಾಡುತ್ತಿತ್ತು. ಸ್ಪ್ಯಾನರಿಗೆ ಕೈಹಾಕಿದರೆ, ಸ್ಪ್ಯಾನರುಗಳೆಲ್ಲ ಆಗಲೇ ತೊಳೆಸಿಕೊಂಡು, ಕುಂಕುಮ ಹಚ್ಚಿಸಿಕೊಂಡು, ದೇವರ ಪಟದ ಮುಂದಿನ ಮಣೆಯ ಮೇಲೆ ಸಾಲಾಗಿ ಮಲಗಿದ್ದವು. ಒಮ್ಮೆ ಮಣೆಯ ಮೇಲಿಟ್ಟ ಹತಾರವನ್ನು ಮೂರನೆಯ ದಿನ ಯಜಮಾನರೇ ಎತ್ತಿ ಕೊಡುವ ತನಕ ಯಾರೂ ಮುಟ್ಟುವಂತಿಲ್ಲ. ಆ ಪ್ರೆಸ್ಸಿನಲ್ಲಿ ಅವರಪ್ಪನ ಕಾಲದಿಂದ ನಡೆದುಬಂದ ಕಟ್ಟು ಅದು. ಆಮೇಲೆ ಬಿಗಿದರಾಯಿತು ಎಂದುಕೊಂಡ ನಾಗಯ್ಯ. ಚೌಡಪ್ಪನಿಗೆ ಹೇಳಬಹುದಿತ್ತು. ಹೇಳಿದರೆ, 'ಮೊದಲೇ ಯಾಕೆ ನೋಡಲಿಲ್ಲ' ಎಂದು ಎಲ್ಲರೆದುರು ಬೈಸಿಕೊಳ್ಳಬೇಕಲ್ಲ! ಸುಮ್ಮನಾದ.

ಮೂರನೆಯ ದಿನ ಬೆಳಿಗ್ಗೆ ಷಣ್ಮುಖಪ್ಪನವರಿಗೆ ಅವಸರ. ರಾಹುಕಾಲ ಬರುವುದರೊಳಗೆ ಮೊದಲ ಹಾಳೆ ಅಚ್ಚಾಗಬೇಕು. ಹತಾರ ಎತ್ತಿ ಕೊಟ್ಟರು, ಎಂಜಿನ್ನು ಹೊರಟಿತು. ನಾಗಯ್ಯ ಸ್ಪ್ಯಾನರು ಕೈಯಲ್ಲಿ ಹಿಡಿದೇ, ಮೊದಲ ಹಾಳೆ ಬರಲಿ, ಆಮೇಲೆ ನೋಡೋಣ ಎಂದುಕೊಂಡ. ಮೊದಲ ಹಾಳೆ ಬಂತು. ಅದರಲ್ಲೊಂದು ಮೊಳೆ ಮೇಲೆದ್ದು ಕಾಗದ ಹರಿದಿತ್ತು. ಚೌಡಪ್ಪ ಲಿವರು ಸರಿಸಿ ಮೆಷಿನ್ನು ನಿಲ್ಲಿಸಿ, ಮೊಳೆ ತಟ್ಟಿ ಕೂರಿಸಲು ಒಳಗೆ ಬಗ್ಗಿದ. ಸಡಿಲ ಲಿವರು ನಡುಗುತ್ತ ನಡುಗುತ್ತ ತಾನೇ ಜಾರಿತು. ಬೆಲ್ಟು ಓಡುವ ಚಕ್ರಕ್ಕೆ ಬಂತು. ನಾಗಯ್ಯ ಹೆಜ್ಜೆ ಎತ್ತಿಡುವಷ್ಟರಲ್ಲಿ ಸಿಲಿಂಡರು ಚೌಡಪ್ಪನನ್ನು ಒಳಗೆ ಎಳೆದುಕೊಂಡಿತ್ತು.

ಅವನನ್ನು ಈಚೆ ಎಳೆದು, ಕಾಗದದ ಕಟ್ಟಿಗೆ ತಲೆಯಾನಿಸಿ ಮಲಗಿಸಿದರು. ಯಜಮಾನರು ಡಾಕ್ಟರಲ್ಲಿಗೆ ಓಡಿದರು, ಉಳಿದವರು ಜಟಕಾ ತರಲು ಓಡಿದರು. ನಾಗಯ್ಯ ಒಬ್ಬನೇ ಉಳಿದ. ಅವನ ಕೈಯಲ್ಲಿ ಸ್ಪ್ಯಾನರು ಇನ್ನೂ ಇತ್ತು. ಆ ಹೊತ್ತಿನಲ್ಲಿ ಅವನು ಮಾಡಿದ ಕೆಲಸ ಒಂದೇ: ಲಿವರಿನ ಬುಡದ ನಟ್ಟನ್ನು ಬಿಗಿದ. ಮಿಕ್ಕದ್ದನ್ನು ಅವನು ತನಗೆ ತಾನೇ ಕೂಡ ಹೇಳಿಕೊಂಡಿರಲಿಲ್ಲ.

ಆಮೇಲೆ ಬಂದ ಇನ್‌ಸ್ಪೆಕ್ಟರು ಲಿವರನ್ನು ಎಳೆದು ನೋಡಿದರು, ತಳ್ಳಿ ನೋಡಿದರು. ಲಿವರು ಬಂಡೆಯಂತಿತ್ತು. ಕೆಲಸಗಾರನೇ ಲಿವರನ್ನು ಪೂರ್ತಿ ಸರಿಸದೆ ಕೈಹಾಕಿದ್ದಾನೆ, ಅವನದೇ ಅಜಾಗರೂಕತೆ ಎಂದು ಬರೆದುಕೊಂಡು ಹೋದರು. ಚೌಡಪ್ಪ ಎರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಮೆಷಿನ್ನು ಮತ್ತೆ ಓಡಿದ ದಿನದಿಂದಲೇ ಆ ಟಕ್ ಶುರುವಾದದ್ದು.

ಚೌಡಪ್ಪನ ಹೆಂಡತಿ ಹಾಲಮ್ಮ ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ಪ್ರೆಸ್ಸಿಗೆ ಬರುತ್ತಿದ್ದಳು. ಅವಳಿಗೋಸ್ಕರ ಅರ್ಧ ಗಂಟೆ ಮೆಷಿನ್ನು ನಿಲ್ಲಿಸುತ್ತಿದ್ದರು. ಬಾಳೆಲೆಯ ಮೇಲೆ ಅನ್ನ, ಮೊಸರು, ಎರಡು ಬಾಳೆಹಣ್ಣು ಎಡೆ ಇಡುತ್ತಿದ್ದಳು. ಸತ್ತ ಗಂಡನಿಗೆ ಹೆಂಡತಿ ಎಡೆ ಇಡುವುದರಲ್ಲಿ ಆಶ್ಚರ್ಯವೇನಿದೆ? ಆದರೆ ಅವಳು ಅಲ್ಲಿ ನಿಂತು ಕೇಳಿಕೊಳ್ಳುತ್ತಿದ್ದದ್ದು ಬೇರೆ. ಕೆನ್ನೆ ಕೆನ್ನೆ ಬಡಿದುಕೊಂಡು, "ತಪ್ಪಾಯ್ತು. ನಂದೇ ತಪ್ಪು. ನನ್ನ ನಾಲಿಗೆ ತಪ್ಪು. ಹೊಟ್ಟೆಗೆ ಹಾಕ್ಕೊಳ್ಳಿ" ಎನ್ನುತ್ತಿದ್ದಳು. ಆಮೇಲೆ ಬಾಳೆಹಣ್ಣೊಂದನ್ನು ನಾಗಯ್ಯನ ಕೈಗೆ ಕೊಟ್ಟು ಹೋಗುತ್ತಿದ್ದಳು. ಅದನ್ನು ಅವನು ಒಮ್ಮೆಯೂ ನುಂಗಲಾರದೆ ಹಿತ್ತಲಿನ ದನಕ್ಕೆ ಹಾಕುತ್ತಿದ್ದ. ನಾಲಿಗೆಯ ತಪ್ಪೇನು ಎಂದು ಕೇಳುವ ಧೈರ್ಯ ಅವನಿಗೆ ಇರಲಿಲ್ಲ. ಅದು ಅವನಿಗೆ ಗೊತ್ತಾದದ್ದು ಭದ್ರಾವತಿಯಲ್ಲಿ.

ಆ ವರ್ಷ ಯುಗಾದಿ ಕಳೆದ ಮೇಲೆ ಟಕ್ ಇನ್ನಷ್ಟು ಜೋರಾಯಿತು. ಮನೆಯಲ್ಲಿ ಶಾಂತಮ್ಮ ಕಾಯಿ ಒಡೆದರೆ ನಾಗಯ್ಯ ಬೆಚ್ಚುತ್ತಿದ್ದ. ಪಕ್ಕದ ಮನೆಯವರು ಬಾಗಿಲು ಹಾಕಿದರೆ ಊಟದ ಎಲೆಯಿಂದ ಏಳುತ್ತಿದ್ದ. ಕೊನೆಗೊಂದು ಶನಿವಾರ ಸಿಲಿಂಡರಿನ ಪಕ್ಕದ ಮುಚ್ಚಳ ಬಿಚ್ಚಿ, ಒಳಗೆ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಚಕ್ರವನ್ನು ಮೆಲ್ಲಗೆ ತಿರುಗಿಸಿದ. ಬೆರಳಿಗೆ ಟಕ್ ಸಿಕ್ಕಿತು. ಸಿಲಿಂಡರಿನ ಇರುಸು ಕೂರುವ ಕಂಚಿನ ಬಳೆ, ಬುಷ್ ಎನ್ನುತ್ತಾರೆ ಅದಕ್ಕೆ, ಒಂದು ಕಡೆ ಮಾತ್ರ ಸವೆದು ಮೊಟ್ಟೆಯಾಕಾರವಾಗಿತ್ತು. ಅವತ್ತು ಚೌಡಪ್ಪನ ಮೈ ಸಿಕ್ಕಿ ಸಿಲಿಂಡರು ಜಗ್ಗಿದಾಗ ಆದ ಪೆಟ್ಟು. ಅಂದರೆ ದೆವ್ವವೂ ಇಲ್ಲ, ಭೂತವೂ ಇಲ್ಲ. ಹಾಗೆಂದು ನಾಗಯ್ಯನಿಗೆ ಸಮಾಧಾನವಾಯಿತೇ? ಇಲ್ಲ. ಆ ಗುರುತನ್ನು ಬೆರಳಲ್ಲಿ ಮುಟ್ಟಿ ಬಂದ ಮೇಲೆ ಅವನಿಗೆ ಮೂರು ದಿನ ಜ್ವರ ಬಂತು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಗೇಟಿನಾಚೆ ಒಂದು ಸಣ್ಣ ವರ್ಕ್‌ಶಾಪಿತ್ತು. ಅಲ್ಲಿ ಲೇತಿನ ಮೇಲೆ ಕೆಲಸ ಮಾಡುವವನು ಮಾರಪ್ಪ, ಚೌಡಪ್ಪನ ತಮ್ಮ. ಅಂಥ ಬುಷ್ಷನ್ನು ಅವನಷ್ಟು ಚೊಕ್ಕವಾಗಿ ಕಡೆಯುವವರು ಸುತ್ತಮುತ್ತ ಇರಲಿಲ್ಲ. ನಾಗಯ್ಯ ಬೇರೆಲ್ಲಾದರೂ ಮಾಡಿಸಲು ನೋಡಿದ, ಯಜಮಾನರು ಕೇಳಲಿಲ್ಲ. ರೈಲು ಹತ್ತಿ ಹೋದ.

ಬುಷ್ ಆಗುವಷ್ಟರಲ್ಲಿ ಊಟ ಮಾಡಿಕೊಂಡು ಬಾ ಎಂದು ಮಾರಪ್ಪ ತನ್ನ ಮನೆಗೆ ಕಳಿಸಿದ. ಅಲ್ಲಿ ಹೊಸ್ತಿಲ ಒಳಗೆ ಚೌಡಪ್ಪನ ತಾಯಿ ಹುಚ್ಚಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಯಾರಪ್ಪಾ ಅದು?"

"ನಾಗಯ್ಯ ಕಣವ್ವ. ಶಿವಮೊಗ್ಗದೋನು. ಚೌಡಣ್ಣನ ಜೊತೆ ಕೆಲಸ ಮಾಡ್ತಿದ್ನಲ್ಲ."

ಮುದುಕಿಯ ಕೈ ನಿಂತಿತು. "ಬಾ, ಕೂತ್ಕೋ ಮಗ. ಅವಳು ಬದುಕಿದಾಳಾ ಇನ್ನೂ?"

"ಯಾರವ್ವ?"

"ಇನ್ಯಾರು, ನನ್ನ ಮಗನ್ನ ನುಂಗಿದೋಳು. ಆವತ್ತು ಹಬ್ಬಕ್ಕೆ ತೌರಿಗೆ ಕಳಿಸ್ಲಿಲ್ಲ ಅಂತ ಬೆಳಬೆಳಗ್ಗೆ ಜಗಳ ತೆಗೆದ್ಲು. ಅವನು ಕೆಲಸ ಇದೆ ಅಂದ. 'ಹೋಗು, ಆ ಮೆಷಿನ್ನಿನ ಹೊಟ್ಟೇಲೇ ಹೋಗಿ ಮಲಕ್ಕೋ' ಅಂದ್ಲು. ನನ್ನ ಕಿವಿಯಾರೆ ಕೇಳ್ದೆ ಕಣೋ. ಅವನು ಗಂಜೀನೂ ಕುಡೀದೆ ಎದ್ದು ಹೋದ. ಮನಸ್ಸು ನೆಟ್ಟಗಿದ್ದಿದ್ರೆ ಲಿವರು ಮರೀತಿದ್ನಾ ನನ್ನ ಮಗ?"

ಮುದುಕಿ ಹೇಳುತ್ತಲೇ ಹೋದಳು. ಮಗ ಸತ್ತ ಹದಿನಾಲ್ಕನೆಯ ದಿನಕ್ಕೆ ಅವಳು ಸೊಸೆಯ ಮನೆ ಬಿಟ್ಟು ಇಲ್ಲಿಗೆ ಬಂದಿದ್ದಳು. ಹಾಲಮ್ಮ ಹಬ್ಬ ಹಬ್ಬಕ್ಕೂ ಬರುತ್ತಾಳಂತೆ, ಜಗಲಿಯಾಚೆ ಅಂಗಳದಲ್ಲಿ ಕೂರುತ್ತಾಳಂತೆ, ಕೂತು ಕೂತು ಸಂಜೆಯ ರೈಲಿಗೆ ಎದ್ದು ಹೋಗುತ್ತಾಳಂತೆ. ಒಮ್ಮೆಯೂ ಒಳಗೆ ಬಾ ಎಂದಿಲ್ಲವೆಂದು ಮುದುಕಿ ಜಂಬದಿಂದ ಹೇಳಿದಳು. ಆಗ ನಾಗಯ್ಯ ಬಾಯಿ ಬಿಡಬೇಕಿತ್ತು. ಬಾಯಿ ಬಿಟ್ಟದ್ದೂ ಹೌದು. "ಕೆಲಸಕ್ಕೆ ಹೊತ್ತಾಯ್ತವ್ವ" ಎಂದ. ಊಟ ಮಾಡದೆ ಎದ್ದುಬಂದ. ಹೇಡಿತನಕ್ಕೂ ಒಂದು ಮಿತಿ ಇರಬೇಕು, ಅವನದಕ್ಕೆ ಇರಲಿಲ್ಲ.

ಹೊಸ ಬುಷ್ ಕೂರಿಸಲು ಎರಡು ದಿನ ಹಿಡಿಯಿತು. ಸಿಲಿಂಡರನ್ನು ಸರಪಳಿಯಲ್ಲಿ ಎತ್ತಿ, ಬಳೆ ಕೂರಿಸಿ, ಬಣ್ಣ ಹಚ್ಚಿ ತಿರುಗಿಸಿ, ಬಣ್ಣ ಅಂಟಿದಲ್ಲಿ ಒಂದಿಷ್ಟೇ ಕೆರೆದು, ಮತ್ತೆ ತಿರುಗಿಸಿ, ಕೊನೆಗೆ ಎಣ್ಣೆ ಬಿಟ್ಟ. ಎಂಜಿನ್ನು ಹಚ್ಚಿ ಲಿವರು ಸರಿಸಿದ. ಹಾಳೆಯ ಹಿಂದೆ ಹಾಳೆ ಬಿತ್ತು. ಟಕ್ ಇಲ್ಲ. ಮೊಳೆ ಜೋಡಿಸುವವರು ಒಬ್ಬೊಬ್ಬರಾಗಿ ಎದ್ದು ಬಂದು ಕಿವಿಗೊಟ್ಟು ನಿಂತರು. ಷಣ್ಮುಖಪ್ಪನವರು ದೇವರ ಪಟಕ್ಕೆ ಕೈಮುಗಿದು ಎಲ್ಲರಿಗೂ ಸಕ್ಕರೆ ಹಂಚಿಸಿದರು.

ನಾಗಯ್ಯನ ಬಾಯಲ್ಲಿ ಸಕ್ಕರೆ ಕರಗಲಿಲ್ಲ. ಇಷ್ಟು ದಿನ ಸದ್ದು ಹೊರಗಿತ್ತು, ಮೆಷಿನ್ನು ನಿಲ್ಲಿಸಿದರೆ ನಿಲ್ಲುತ್ತಿತ್ತು. ಈಗ ಅದು ಅವನ ಎದೆಗೂಡಿನಲ್ಲಿ ಹೊಡೆಯತೊಡಗಿತು, ನಿಲ್ಲಿಸುವ ಲಿವರೇ ಇರಲಿಲ್ಲ. ಮೆಷಿನ್ನು ಚೊಕ್ಕವಾಗಿ ಓಡಿದಷ್ಟೂ ಅವನಿಗೆ ಹೆದರಿಕೆ ಹೆಚ್ಚಾಯಿತು. ತಟ್ಟಿ ತಟ್ಟಿ ಕೇಳುತ್ತಿದ್ದವನು ಕೇಳುವುದನ್ನೇ ಬಿಟ್ಟನೆಂದರೆ ಇನ್ನು ಯಾವ ದಾರಿಯಲ್ಲಿ ಬರುತ್ತಾನೋ ಎಂದುಕೊಂಡು ಬೆವರುತ್ತಿದ್ದ.

ಬಂದವಳು ಹಾಲಮ್ಮ. ಆ ಅಮಾವಾಸ್ಯೆಯ ಮಧ್ಯಾಹ್ನ ಎಡೆಯ ಬದಲು ತಟ್ಟೆಯಲ್ಲಿ ಹೋಳಿಗೆ, ಒಂದು ಹೊಸ ಪಂಚೆ ಇಟ್ಟುಕೊಂಡು ಬಂದಳು. ಮುಖದಲ್ಲಿ ಮೂರು ವರ್ಷದಿಂದ ಕಾಣದ ಕಳೆ. ಯಜಮಾನರು ಮೆಷಿನ್ನು ನಿಲ್ಲಿಸಿ ಉಳಿದವರನ್ನು ಊಟಕ್ಕೆ ಕಳಿಸಿದ್ದರು.

"ಸದ್ದು ನಿಂತೋಯ್ತಂತಲ್ಲ ನಾಗಯ್ಯ! ಕೇಳಿ ನಂಗೆ ಅಳೂನೇ ಬಂತು. ಅವ್ರು ನನ್ನ ಕ್ಷಮಿಸಿದ್ರು ಕಣಪ್ಪ. ಆಸ್ಪತ್ರೇಲಿ ಎರಡು ದಿನ ಇದ್ರಲ್ಲ, ನನ್ನ ಜೊತೆ ಒಂದು ಮಾತೂ ಆಡ್ಲಿಲ್ಲ. ಸುಮ್ನೆ ನೋಡೋರು, ಕಣ್ಣಲ್ಲಿ ನೀರು ಸುರಿಸೋರು. ಮಾತು ಬರ್ತಿಲ್ಲ ಅಂತ ಡಾಕ್ಟ್ರು ಅಂದ್ರು. ಸಿಟ್ಟು ಅಂತ ನಂಗೆ ಗೊತ್ತಿತ್ತು. ಈಗ ನಿನ್ನ ಕೈಯಿಂದ ಸಿಟ್ಟು ಇಳೀತು. ತಗೋ, ಉಟ್ಕೋ ಇದನ್ನ."

ಅವಳು ಪಂಚೆಯನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದಳು.

"ನಾಳೆ ಭದ್ರಾವತಿಗೆ ಹೋಗ್ತೀನಿ. ಅತ್ತೆ ಕಾಲು ಹಿಡಿದು ಹೇಳ್ತೀನಿ. ನನ್ನ ಬಾಯಿಂದ್ಲೇ ಅವ್ರು ಸತ್ತಿದ್ದು ನಿಜ, ಆದ್ರೆ ಅವ್ರೇ ಕ್ಷಮಿಸಿದಾರೆ, ನೀವೂ ಕ್ಷಮಿಸಿ ಅಂತ. ಈಗ್ಲಾದ್ರೂ ಒಳಗೆ ಕರೀತಾರೇನೋ."

ನಾಗಯ್ಯ ಅವಳ ಕೈಯನ್ನು ನೋಡಿದ. ಇದನ್ನು ತೆಗೆದುಕೊಂಡರೆ ಅವಳು ನಾಳೆ ಹೋಗಿ, ಮಾಡದ ಕೊಲೆಯನ್ನು ತನ್ನ ಬಾಯಿಂದಲೇ ಒಪ್ಪಿಕೊಂಡು ಬರುತ್ತಾಳೆ. ಸಾಯುವ ತನಕ ಅದೇ ಅವಳ ಹೆಸರಿಗೆ ಅಂಟುತ್ತದೆ. ಕಾಗದದ ಕಟ್ಟಿನ ಮೇಲೆ ಕೂತುಬಿಟ್ಟ.

"ಅತ್ತಿಗೆ, ನಿಮ್ಮ ಮಾತಿಂದ ಸತ್ತಿದ್ದಲ್ಲ. ಲಿವರಿನ ನಟ್ಟು ಸಡಿಲ ಇತ್ತು. ನಂಗೆ ಗೊತ್ತಿತ್ತು."

ಒಮ್ಮೆ ಬಾಯಿ ತೆರೆದ ಮೇಲೆ ತಡೆಯಲಾಗಲಿಲ್ಲ. ಒರೆಸುವಾಗ ಕೈಗೆ ಸಿಕ್ಕಿದ್ದು, ಮಣೆಯ ಮೇಲಿನ ಸ್ಪ್ಯಾನರು, ಬೈಗುಳದ ಭಯ, ರಾಹುಕಾಲದ ಅವಸರ, ಆಮೇಲೆ ಯಾರೂ ಇಲ್ಲದಾಗ ಬಿಗಿದದ್ದು, ಎಲ್ಲವನ್ನೂ ಹೇಳಿದ. ಹಾಲಮ್ಮ ಚಾಚಿದ ಕೈ ಹಾಗೇ ಇಟ್ಟುಕೊಂಡು ಕೇಳಿದಳು.

"ಯಾವ ನಟ್ಟು?"

ತೋರಿಸಿದ.

"ಬಿಚ್ಚು."

ನಾಗಯ್ಯ ಸ್ಪ್ಯಾನರು ಹಾಕಿ ಒಂದು ಸುತ್ತು ಬಿಚ್ಚಿದ. ಬಿಳಿ ಗೆರೆ ತುಂಡಾಯಿತು. ಹಾಲಮ್ಮ ಬಗ್ಗಿ ಲಿವರನ್ನು ಬೆರಳಿಂದ ದೂಡಿದಳು. ಅದು ಸುಲಭವಾಗಿ ಈಚೆ ಬಂತು. ಆಚೆ ದೂಡಿದಳು. ಆಚೆ ಹೋಯಿತು.

"ಬಿಗಿ."

ಬಿಗಿದ.

"ಇಷ್ಟೇನಾ? ಇಷ್ಟೇ ಹೊತ್ತು ಬೇಕಾಗಿದ್ದಾ?"

"ಹೂಂ."

"ಎಲೆಗೆ ಸುಣ್ಣ ಹಚ್ಚೋವಷ್ಟು ಹೊತ್ತೂ ಆಗ್ಲಿಲ್ಲವಲ್ಲೋ" ಎಂದು ಅವಳು ಮೆಷಿನ್ನನ್ನೇ ನೋಡುತ್ತ ನಿಂತಳು. "ಮೂರು ವರ್ಷ ನಾನು ಒಬ್ರ ಹತ್ರಾನೂ ಜೋರಾಗಿ ಮಾತಾಡಿಲ್ಲ ನಾಗಯ್ಯ. ನಂದು ಕೆಟ್ಟ ಬಾಯಿ, ಅಂದಿದ್ದು ಆಗತ್ತೆ ಅಂತ. ತೌರಲ್ಲಿ ಅಣ್ಣನ ಕೂಸಿಗೆ ಮಲಕ್ಕೋ ಅನ್ನೋಕೂ ಹೆದರ್ತಿದ್ದೆ."

ಅಷ್ಟರಲ್ಲಿ ಬಾಗಿಲಲ್ಲಿ ಷಣ್ಮುಖಪ್ಪನವರು ಕಾಣಿಸಿಕೊಂಡರು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ, ಮುಖ ಬಿಳಿಚಿಕೊಂಡಿತ್ತು. "ಆಗಿದ್ದು ಆಗೋಯ್ತು, ಹಾಲಮ್ಮ. ಇನ್‌ಸ್ಪೆಕ್ಟ್ರು ಬರೆದಾಯ್ತು, ಕಾಗದ ಮುಗೀತು. ಈಗ ಎಲ್ಲಾ ನೆಟ್ಟಗೆ ನಡೀತಿದೆ. ಸುಮ್ನೆ ಯಾಕೆ ಕೆದಕೋದು?" ಎಂದರು.

ಹಾಲಮ್ಮ ಪಂಚೆಯನ್ನು ಮಡಚಿ ತಟ್ಟೆಗೆ ಹಾಕಿಕೊಂಡಳು, ಹೋಳಿಗೆಯ ಮೇಲೆ ಸೆರಗು ಮುಚ್ಚಿದಳು. "ನಾಳೆ ಬೆಳಗ್ಗೆ ರೈಲಿಗೆ ಬಾ. ನಂಗೆ ಹೇಳಿದ್ದನ್ನ ಅಲ್ಲಿ ಹೇಳು. ಒಂದಕ್ಷರ ಬಿಡಬೇಡ" ಎಂದು ನಾಗಯ್ಯನಿಗೆ ಹೇಳಿ ಹೋದಳು.

ರೈಲಿನಲ್ಲಿ ಅವರಿಬ್ಬರೂ ಎದುರುಬದುರು ಕೂತರು. ಮಲವಗೊಪ್ಪದ ಗದ್ದೆಗಳು ಹಿಂದೆ ಹೋದವು. ಕಾರ್ಖಾನೆಯ ಹೊಗೆ ಕಂಡಾಗ ಹಾಲಮ್ಮ ಸೆರಗು ಸರಿಮಾಡಿಕೊಂಡಳು. ನಾಗಯ್ಯನಿಗೆ ಇಳಿದು ಓಡಿಹೋಗಬೇಕೆನಿಸಿತು. ಓಡಿದರೂ ಎಲ್ಲಿಗೆಂದು ಹೋಗುವುದು? ಇಳಿದು ಅವಳ ಹಿಂದೆ ನಡೆದ.

ಮಾರಪ್ಪ ಕೆಲಸಕ್ಕೆ ಹೋಗಿದ್ದ. ಹುಚ್ಚಮ್ಮ ಹೊಸ್ತಿಲ ಒಳಗೆ ಕೂತಿದ್ದಳು. ಹಾಲಮ್ಮ ಅಭ್ಯಾಸದಂತೆ ಅಂಗಳದಲ್ಲೇ ನಿಂತಳು. ಹೆಜ್ಜೆಯ ಸದ್ದಿನಲ್ಲೇ ಮುದುಕಿ ಗುರುತು ಹಿಡಿದಳು.

"ಬಂದ್ಯಾ? ಇವತ್ತು ಯಾವ ಹಬ್ಬಾನೂ ಇಲ್ವಲ್ಲ."

"ನಾಗಯ್ಯ ಬಂದಿದಾನೆ ಅತ್ತೆ. ಏನೋ ಹೇಳಬೇಕಂತೆ."

ನಾಗಯ್ಯ ಜಗಲಿಯ ಮುಂದೆ ಕೈಕಟ್ಟಿ ನಿಂತು ಹೇಳಿದ. ನಿನ್ನೆ ಹೇಳಿದ್ದಕ್ಕಿಂತ ಇವತ್ತು ಕಷ್ಟವಾಯಿತು. ಮಾತು ಮುಗಿದ ಮೇಲೂ ಮುದುಕಿ ಬಹಳ ಹೊತ್ತು ಹುಣಸೆಬೀಜ ಬಿಡಿಸುತ್ತಲೇ ಇದ್ದಳು. ಆಮೇಲೆ ಉಗಿದಳು.

"ಸುಳ್ಳು. ಹೇಳಿಕೊಟ್ಟು ಕರ್ಕೊಂಡು ಬಂದಿದಾಳೆ. ಅತ್ತತ್ತು ಕಾಲು ಹಿಡಿದಿರ್ತಾಳೆ, ಪಾಪ ಅಂತ ತಪ್ಪು ನಿನ್ನ ತಲೆ ಮೇಲೆ ಹೊತ್ಕೊಂಡಿದೀಯ. ನಿಂಗೆ ಬುದ್ಧಿ ಇಲ್ಲ ಮಗ. ಹೋಗು."

ಹಾಲಮ್ಮ ಅಂಗಳದ ಮಣ್ಣಿನಲ್ಲಿ ಕೂತುಬಿಟ್ಟಳು. ಮೂರು ವರ್ಷದಿಂದ ಕೂರುತ್ತಿದ್ದ ಜಾಗವೇ ಅದು, ನೆಲ ಅಲ್ಲಿ ನುಣುಪಾಗಿತ್ತು. ಇಷ್ಟು ದೂರ ಬಂದೂ ಏನೂ ಆಗಲಿಲ್ಲವಲ್ಲ ಎಂದು ನಾಗಯ್ಯನಿಗೆ ಎದೆ ಒಡೆಯಿತು.

"ಸುಳ್ಳಲ್ಲ ಕಣವ್ವ. ದೇವರಾಣೆ. ಎಲ್ರೂ ಹೊರಗೆ ಓಡಿದ್ರು. ನಾನೇ, ಈ ಕೈಯಿಂದ್ಲೇ ಬಿಗಿದೆ."

"ಎಲ್ರೂ ಓಡಿದ್ರು ಅಂದ್ಯಲ್ಲ. ನನ್ನ ಮಗ ಎಲ್ಲಿದ್ದ?"

"ಅಲ್ಲೇ. ಕಾಗದದ ಕಟ್ಟಿಗೆ ತಲೆ ಕೊಟ್ಟು ಮಲಗ್ಸಿದ್ವಿ."

"ಪ್ರಜ್ಞೆ ಇತ್ತಾ?"

ನಾಗಯ್ಯ ಕಟ್ಟಿದ ಕೈ ಬಿಚ್ಚಿ ಪಂಚೆಗೆ ಒರೆಸಿಕೊಂಡ.

"ಕೇಳ್ದೆ ನಿನ್ನ. ಪ್ರಜ್ಞೆ ಇತ್ತಾ ಅವನಿಗೆ?"

"ಇತ್ತವ್ವ."

"ಕಣ್ಣು ಬಿಟ್ಟಿದ್ನಾ?"

ಇದೊಂದನ್ನು ಅವನು ಹಾಲಮ್ಮನಿಗೂ ಹೇಳಿರಲಿಲ್ಲ. ಇದೊಂದನ್ನು ಹೇಳಬಾರದೆಂದೇ ನಲವತ್ತೊಂದು ತೂತುಗಳಿಗೆ ದಿನಾ ಎಣ್ಣೆ ಬಿಟ್ಟಿದ್ದ, ನಟ್ಟು ನಟ್ಟಿಗೂ ಗೆರೆ ಎಳೆದಿದ್ದ. ಸಿಲಿಂಡರಿನ ಕೆಳಗೆ ಬಗ್ಗಿದಾಗಲೆಲ್ಲ, ಎದ್ದು ತಿರುಗಿದರೆ ಅಲ್ಲಿ ನೆಲದ ಮೇಲೆ ಆ ಕಣ್ಣುಗಳು ಇರುತ್ತವೆಂದು ಹೆದರಿ ತಿರುಗದೆ ಕೆಲಸ ಮಾಡಿದ್ದ.

"ಬಿಟ್ಟಿದ್ದ."

"ನೀನು ಬಿಗಿದಿದ್ದು ನೋಡಿದ್ನಾ?"

"ನೋಡಿದ ಕಣವ್ವ. ಸ್ಪ್ಯಾನರು ತಿರುಗಿಸ್ತಾ ಇದ್ದೆ. ತಲೆ ಎತ್ತಿದೆ. ಚೌಡಣ್ಣ ನನ್ನ ಕೈಯನ್ನೇ ನೋಡ್ತಿದ್ದ. ಎಲ್ಲಾ ಗೊತ್ತಾಗೋಯ್ತು ಅವನಿಗೆ. ಏನೋ ಹೇಳೋಕೆ ತುಟಿ ಅಲ್ಲಾಡಿಸ್ದ. ನಾನು ಹತ್ರ ಹೋಗ್ಲಿಲ್ಲ. ಪೂರ್ತಿ ಬಿಗಿಯೋ ತನಕ ಹೋಗ್ಲಿಲ್ಲ."

ಅಂಗಳದಲ್ಲಿ ಹಾಲಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಆಸ್ಪತ್ರೆಯ ಎರಡು ದಿನ ಗಂಡ ತನ್ನನ್ನು ನೋಡಿ ನೋಡಿ ಕಣ್ಣೀರಿಟ್ಟದ್ದು ಸಿಟ್ಟಿಗಲ್ಲ, ಯಾವ ಮಾತನ್ನು ಹೇಳಲಾರದೆ ಎಂದು ಅವಳಿಗೆ ಈಗ ತಿಳಿಯಿತು.

ಹುಚ್ಚಮ್ಮ ಮಡಿಲಲ್ಲಿದ್ದ ಹುಣಸೆಹಣ್ಣನ್ನು ಮೊರಕ್ಕೆ ಸುರಿದಳು. ಬಾಗಿಲ ಪಟ್ಟಿ ಹಿಡಿದು ಮೆಲ್ಲಗೆ ಎದ್ದು ನಿಂತಳು. ಕಾಣದ ಕಣ್ಣನ್ನು ಅಂಗಳದ ಕಡೆ ತಿರುಗಿಸಿ, ಬಲಗೈ ಮುಂದೆ ಚಾಚಿದಳು.

"ಹಾಲೀ, ಎಲ್ಲಿದೀಯೇ? ಬಾರೇ ಒಳಗೆ. ಬಿಸಿಲಲ್ಲಿ ಯಾಕೆ ಕೂತಿದೀಯ?"

ಹಾಲಮ್ಮ ಎದ್ದು ಬಂದು ಆ ಕೈ ಹಿಡಿದಳು. ಇಬ್ಬರೂ ಹೊಸ್ತಿಲು ದಾಟಿದರು. ನಾಗಯ್ಯ ಏನು ಮಾಡಬೇಕೆಂದು ತಿಳಿಯದೆ ಒಂದು ಹೆಜ್ಜೆ ಮುಂದಿಟ್ಟ. 

"ಅವನು ಅಲ್ಲೇ ಇರ್ಲಿ" ಎಂದಳು ಮುದುಕಿ.

ಬಾಗಿಲು ಮುಚ್ಚಿತು. ಒಳಗೆ ಇಬ್ಬರು ಹೆಂಗಸರು ದನಿ ತೆಗೆದು ಅಳತೊಡಗಿದರು. ಈ ಸಲ ಹೋಗು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾಗಯ್ಯ ಮಧ್ಯಾಹ್ನದ ಬಿಸಿಲಿನಲ್ಲಿ, ಹಾಲಮ್ಮ ಕೂರುತ್ತಿದ್ದ ಆ ನುಣುಪು ನೆಲದ ಮೇಲೆ ಕೂತುಕೊಂಡ.